ಆನೆಯ ಅಂಗಿ

ನವನಗರದ ನಮ್ಮ ಸೆಕ್ಟರಿನ ಸಮುದಾಯ ಭವನದಲ್ಲಿ ಪ್ರತಿ ಎರಡನೇ ಶನಿವಾರ ಮಕ್ಕಳ ಬಟ್ಟೆ, ಆಟಿಕೆಗಳ ಅದಲುಬದಲು ನಡೆಯುತ್ತದೆ. ಮಕ್ಕಳಿಗೆ ಗಿಡ್ಡಾದದ್ದನ್ನು ತಂದಿಟ್ಟು, ಬೇಕಾದದ್ದನ್ನು ಒಯ್ಯಬೇಕು. ಹರಿದದ್ದು, ಬಣ್ಣ ಹೋದದ್ದು ನಡೆಯುವುದಿಲ್ಲ ಎಂದು ಬಾಗಿಲಲ್ಲಿ ಬರೆದು ಹಚ್ಚಿದವಳು ನಾನೇ. ಟೀಚರಾದವಳಿಗೆ ಹೋದಲ್ಲೆಲ್ಲ ಕಾಯಿದೆ ಮಾಡುವ ಚಟ.

ಆ ಶನಿವಾರ ಹಿಂದಿನ ಓಣಿಯ ಮುದುಕಿ ದಸ್ತಗೀರಬಿ ಬರಿಗೈಯಲ್ಲಿ ಬಂದಳು. ಮನೆಯಿಂದ ತಂದ ಹಳೆಯ ಅರಿವೆಯೊಂದರಲ್ಲಿ ನಾನು ಟೇಬಲ್ ಒರೆಸುತ್ತಿದ್ದೆ.

"ಅಕ್ಕೋರ, ನಿಮ್ಮ ಶ್ರೀಶೈಲ ಕೂಸಿದ್ದಾಗ ಹಾಕ್ಕೊಂಡ ಹಳೇ ಅಂಗಿ ಒಂದ ಇದ್ರ ಕೊಡ್ರಿ. ನಮ್ಮ ಅಶ್ಫಾಕಗ ಮಗಾ ಹುಟ್ಯಾನ."

ಸುತ್ತ ಹತ್ತು ಹೆಂಗಸರಿದ್ದರು. ನನಗೆ ದೊಡ್ಡಸ್ತಿಕೆ ಉಕ್ಕಿ ಬಂತು. ಅಂಗಡಿಯ ಚೀಟಿ ಕೂಡ ಕೀಳದ ಹೊಸ ಅಂಗಿಯೊಂದನ್ನು ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ನೀ ಏನೂ ತರದಿದ್ರೂ ನಡೀತೈತಿ, ತಗೋ. ಬಡವ್ರಿಗೆ ಕಾಯ್ದೆ ಇಲ್ಲ."

ಆಕೆ ಅದನ್ನು ಮುಟ್ಟಲಿಲ್ಲ. "ಹೊಸಾದು ಬ್ಯಾಡ್ರಿ. ಹಳೇದ ಬೇಕ್ರಿ."

"ಬೇಡಾಕ ಬಂದು, ಮ್ಯಾಲ ಇದ ಬೇಕು ಅದ ಬೇಕು ಅಂತೀಯಲ್ಲ!"

ಯಾರೋ ಕಿಸಕ್ಕೆಂದರು. ಅವರು ನಕ್ಕದ್ದು ನನಗೆ ಹಿತವಾಗಿತ್ತು. ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಅತ್ತೆ ಸಿದ್ದಲಿಂಗವ್ವ ಎದ್ದು ಬಂದರು. ಅವರ ಮುಖ ಕಪ್ಪಿಟ್ಟಿತ್ತು.

"ಸುನಂದಾ, ಬಾಯಿ ಮುಚ್ಚು. ಅಶ್ಫಾಕನ ಹೇಣ್ತಿಗೆ ಎರಡ ಕೂಸು ಹ್ವಾದ್ವು. ಇದು ಮೂರನೇದು. ಉಳದ ಬೆಳದ ಕೂಸಿನ ಅಂಗಿ ಮೊದಲ ಹಾಕಿದ್ರ ಇದೂ ಉಳೀತೈತಿ ಅಂತ ಬಂದಾಳ. ನಿನ್ನ ಮೊದಲನೇ ಕೂಸು ಹೋಗಿ ಶ್ರೀಶೈಲ ಹುಟ್ಟಿದಾಗ, ನಾ ಯಾರ ಮುಂದ ಸೆರಗೊಡ್ಡಿ ಅಂಗಿ ತಂದಿದ್ದೆ, ಮರತ್ಯಾ? ಇಕಿ ಮುಂದ. ಅಶ್ಫಾಕನ ಅಂಗಿ ಅದು."

ಅಂಗಿ ನೆನಪಿತ್ತು. ಅದನ್ನು ಹಾಕಿದ ಮೇಲೆಯೇ ಶ್ರೀಶೈಲನನ್ನು ಎದೆಗೊತ್ತಿಕೊಳ್ಳಲು ನನಗೆ ಧೈರ್ಯ ಬಂದದ್ದು. ಕೊಟ್ಟವರನ್ನು ಮಾತ್ರ ಮರೆತುಬಿಟ್ಟಿದ್ದೆ. ಬರಿಗೈಯಲ್ಲಿ ಬಂದವಳು ಆರು ವರ್ಷದ ಹಿಂದೆಯೇ ತನ್ನ ಪಾಲು ಕೊಟ್ಟು ಹೋಗಿದ್ದಳು.

"ಮನ್ಯಾಗ ಹುಡುಕಿ ತರ್ತೇನಿ" ಎಂದೆ. ಅದು ಸುಳ್ಳು. ಶ್ರೀಶೈಲನ ಒಳ್ಳೆಯ ಅಂಗಿಗಳನ್ನೆಲ್ಲ ಇಲ್ಲೇ ಬದಲಿಸಿಕೊಂಡಿದ್ದೆ, ಹಳೆಯವು ಒರೆಸುವ ಅರಿವೆಯಾಗಿದ್ದವು.

ದಸ್ತಗೀರಬಿಯ ಕಣ್ಣು ನನ್ನ ಕೈಯ ಮೇಲೆ ನಿಂತಿತ್ತು. ಮೆಲ್ಲಗೆ ಆ ಒದ್ದೆ ಅರಿವೆಯನ್ನು ಬಿಡಿಸಿಕೊಂಡು ಟೇಬಲಿನ ಮೇಲೆ ಹರವಿದಳು. ಗೇಣುದ್ದದ ಅಂಗಿ. ಒಂದು ತೋಳು ಕಿತ್ತುಹೋಗಿತ್ತು. ಎದೆಯ ಮೇಲೆ ಹಸಿರು ದಾರದಲ್ಲಿ ಹೊಲಿದ ಪುಟ್ಟ ಆನೆ ಹಾಗೇ ಇತ್ತು.

"ಈ ಆನಿ ನಾನ ಹಾಕಿದ್ದೆ" ಎಂದಳು. ಸಿಟ್ಟು ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಕೆಯ ಮುಖ ಅರಳಿತ್ತು.

ಹೊರಗೆ ಹೋಗಿ ಹೊಲಸು ನೀರು ಹಿಂಡಿ ಬಂದಳು. "ಇದನ್ನ ಒಯ್ತೇನ್ರಿ, ಅಕ್ಕೋರ. ಕುದಿಯೋ ನೀರಾಗ ತೊಳದ್ರಾತು. ಇಬ್ಬರು ಹುಡುಗರು ಬೆಳದ ಅಂಗಿ."

ಬಾಗಿಲ ತನಕ ಹೋದವಳು ನಾನು ಹಚ್ಚಿದ ಹಾಳೆಯನ್ನು ನೋಡಿ ತಿರುಗಿ ನಿಂತಳು.

"ಇದು ಹರದೈತಿ. ನಡೀತೈತೇನ್ರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನಡೀತೈತ್ರಿ" ಎಂದೆ. ನಾನು ಆಕೆಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು.