ರೂಪ ಹೊಡೆದ ಗೋಲುಗಳು

“ಬಿಚ್ಚೇ ಅದನ್ನ. ಬಿಚ್ಚಿ ಕೆಳಗಾಕು. ನನ್ ಕೈಗೆ ಕೊಡಬ್ಯಾಡ.”

ಶಾಲೆಯ ಮ್ಯಾನೇಜರ್ ಬಯ್ಯಪ್ಪ ಕ್ರೀಡಾಂಗಣದ ಪಾಯಿಖಾನೆಯ ಹಿಂದೆ ನಿಂತು, ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದ. ಹದಿನೈದು ವರ್ಷದ ಭಾನುಪ್ರಿಯಾ ಇನ್ನೂ ಏದುಸಿರು ಬಿಡುತ್ತಿದ್ದಳು. ರಾಜ್ಯಮಟ್ಟದ ಶಾಲಾ ಫುಟ್‌ಬಾಲ್ ಪಂದ್ಯಾವಳಿಯ ಫೈನಲ್ ಮುಗಿದು ಐದು ನಿಮಿಷವೂ ಆಗಿರಲಿಲ್ಲ. ಗೆದ್ದ ತಂಡದ ಎರಡೂ ಗೋಲು ಅವಳವೇ. ಆದರೆ ಎರಡು ಸಲವೂ ಮೈಕಿನಲ್ಲಿ ಕೂಗಿದ್ದು, “ಹನ್ನೊಂದನೇ ನಂಬರ್, ರೂಪ” ಎಂದು.

ನಿಜವಾದ ರೂಪ ಆಗಷ್ಟೇ ಕಾರಿನಿಂದ ಇಳಿದಿದ್ದಳು. ಶಾಲೆಯ ಯಜಮಾನ ಗಂಗಾಧರನ ಮಗಳು. ಗೆದ್ದ ಕಪ್ ಹಿಡಿದು ಫೋಟೊಗೆ ನಿಲ್ಲಬೇಕಾದವಳು. ನೆಲದ ಮೇಲೆ ಬಿದ್ದ ಜರ್ಸಿ ನೋಡಿ ಮೂಗು ಮುಚ್ಚಿಕೊಂಡಳು.

“ಆ ಹೊಲತಿ ಬೆವರಿನ್ ಬಟ್ಟೆ ನಾನ್ ಹಾಕ್ಕಣಲ್ಲಪ್ಪ.”

ನಿನಗೆ ಯಾರು ಹಾಕಿಕೋ ಅಂದರು ಎಂದು ಗಂಗಾಧರ ನಕ್ಕ. ಅದೇ ನಂಬರಿನ ಇನ್ನೊಂದು ಜರ್ಸಿ, ಇಸ್ತ್ರಿ ಮಾಡಿದ್ದು, ಕಾರಿನಲ್ಲಿತ್ತು. ಫೋಟೊ ಮುಗಿಯುವವರೆಗೂ ಭಾನುಪ್ರಿಯಾ ಬಸ್ಸಿನೊಳಗೆ ತಲೆ ಬಗ್ಗಿಸಿ ಕೂತಿರಬೇಕೆಂದು ಅಪ್ಪಣೆಯಾಯಿತು. ಒದ್ದೆ ಮೈಮೇಲೆ ಹಳೆ ಚೂಡಿದಾರ್ ಎಳೆದುಕೊಂಡು ಕೂತಳು. ಆದರೆ ತಲೆ ಬಗ್ಗಿಸಲಿಲ್ಲ. ಕಿಟಕಿಯ ಪರದೆಯ ಸಂದಿನಿಂದ ಕೊನೆಯವರೆಗೂ ನೋಡಿದಳು.

ಅವಳು ಆ ಶಾಲೆಯವಳೇ ಅಲ್ಲ, ಸರ್ಕಾರಿ ಶಾಲೆಯವಳು. ಅವಳ ತಾಯಿ ಓಬಳಮ್ಮ ಮುದ್ದೇನಹಳ್ಳಿ ರಸ್ತೆಯಲ್ಲಿದ್ದ ಗಂಗಾಧರನ ದ್ರಾಕ್ಷಿ ತೋಟದಲ್ಲಿ ಕೂಲಿ. ತಾಲ್ಲೂಕು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಆಡುತ್ತಿದ್ದ ಹುಡುಗಿಯನ್ನು ಮೊದಲು ಗಮನಿಸಿದವನು ಗಂಗಾಧರನ ಶಾಲೆಯ ಪಿ.ಟಿ. ಮೇಷ್ಟ್ರು ವೇಣು. ಅವಳಿಗೊಂದು ಸೀಟು ಕೊಡಿ ಎಂದು ಅವನು ಯಜಮಾನನನ್ನು ಕೇಳಿದ. ಯಜಮಾನನಿಗೆ ಹೊಳೆದದ್ದೇ ಬೇರೆ. ಮಗಳಿಗೆ ಕ್ರೀಡಾ ಕೋಟಾದಲ್ಲಿ ಮೆಡಿಕಲ್ ಸೀಟು ಸಿಗಬೇಕಾದರೆ ರಾಜ್ಯಮಟ್ಟದ ಸರ್ಟಿಫಿಕೇಟು ಬೇಕಿತ್ತು. ಓಬಳಮ್ಮನನ್ನು ತೋಟದ ಗೇಟಿಗೆ ಕರೆಸಿದ.

“ನಾಕ್ ದಿವ್ಸ ನಿನ್ ಮಗ್ಳು ರೂಪ. ಗೊತ್ತಾಯ್ತಾ? ಎಲ್ಲಾನ ಬಾಯ್ ಬಿಟ್ರೆ ನಿನ್ ಇಡೀ ಕಾಲೊನಿಗೆ ಕೆಲ್ಸ ಇಲ್ಲ.”

ಆಗ ಕಾಲೊನಿಯ ಮೂವತ್ತು ಮನೆಗಳ ಒಲೆ ಉರಿಯುತ್ತಿದ್ದುದು ಆ ತೋಟದಿಂದ. ಓಬಳಮ್ಮ ಕೈ ಮುಗಿದು ವಾಪಸ್ಸು ಬಂದಳು. ಆ ನಾಲ್ಕು ದಿನ ಯಾರಾದರೂ ರೂಪ ಎಂದು ಕರೆದರೆ ತಿರುಗಿ ನೋಡುವುದನ್ನು ಭಾನುಪ್ರಿಯಾ ಕಲಿತಳು. ತಂಡದವರೆಲ್ಲ ಮೇಜಿಗೆ ಊಟಕ್ಕೆ ಕೂತರೆ ಅವಳಿಗೆ ಬಸ್ಸಿನ ಮೆಟ್ಟಿಲ ಮೇಲೆ ಕಾಗದದ ತಟ್ಟೆ.

ಮನಸ್ಸು ಚುಚ್ಚಿತೋ ಏನೋ, ವೇಣು ಎರಡೇ ತಿಂಗಳಿಗೆ ಆ ಕೆಲಸ ಬಿಟ್ಟ. ಭಾನುಪ್ರಿಯಾಳನ್ನು ಬೆಂಗಳೂರಿನ ಒಂದು ಕ್ಲಬ್ಬಿಗೆ ಕರೆದುಕೊಂಡು ಹೋದ. ಮೂರು ವರ್ಷ ಅವಳು ಬೆಳಗಿನ ರೈಲಿನ ಬಾಗಿಲಲ್ಲಿ ನಿಂತು ಓಡಾಡಿದಳು. ಹದಿನೆಂಟಕ್ಕೆ ಮೊದಲ ಕಾಂಟ್ರ್ಯಾಕ್ಟು. ಆಮೇಲೆ ಕೇರಳ, ಒಡಿಶಾ, ಕೋಲ್ಕತ್ತ. ಲೀಗ್ ನಡೆಯುವಷ್ಟು ತಿಂಗಳು ಜನ ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಲೀಗ್ ಮುಗಿದರೆ ಮತ್ತೆ ತಾಯಿಯ ಜೊತೆ ಅದೇ ತೋಟದ ಚಪ್ಪರದಡಿ ಕತ್ತೆತ್ತಿ ಗೊಂಚಲು ಕತ್ತರಿಸುವುದು. ಇಪ್ಪತ್ತಮೂರನೆಯ ವಯಸ್ಸಿಗೆ ಎಡಮಂಡಿಯ ಲಿಗಮೆಂಟು ಹರಿಯಿತು, ಕ್ಲಬ್ಬು ಕೈಬಿಟ್ಟಿತು. ಒಂಬತ್ತು ತಿಂಗಳು ಕೆರೆಯಂಗಳದಲ್ಲಿ ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಎತ್ತಿ ಎತ್ತಿ ಇಳಿಸಿದಳು. ನೋವಿಗೆ ಕಣ್ಣಿಗೆ ಕತ್ತಲೆ ಬಂದಾಗಲೆಲ್ಲ ಬಸ್ಸಿನ ಪರದೆಯ ಸಂದಿನಲ್ಲಿ ಕಂಡ ಗಂಗಾಧರನ ನಗು ನೆನೆಸಿಕೊಳ್ಳುತ್ತಿದ್ದಳು. ಅದು ಅವಳನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತಿತ್ತು.

ಇನ್ನೊಂದು ಕ್ಲಬ್ಬಿನಲ್ಲಿ ಮತ್ತೆ ಆಡತೊಡಗಿದಳು. ಇಪ್ಪತ್ತಾರಕ್ಕೆ ರಾಷ್ಟ್ರೀಯ ತಂಡದ ಶಿಬಿರದಿಂದ ಕರೆ ಬಂತು.

ವಾರದೊಳಗೆ ಚಿಕ್ಕಬಳ್ಳಾಪುರದ ಸರ್ಕಲ್ಲುಗಳಲ್ಲಿ ಫ್ಲೆಕ್ಸುಗಳೆದ್ದವು. ‘ನಮ್ಮ ಶಾಲೆಯ ಹೆಮ್ಮೆಯ ಹಳೆಯ ವಿದ್ಯಾರ್ಥಿನಿ.’ ಅದರಲ್ಲಿ ಗಂಗಾಧರನ ಮುಖ ದೊಡ್ಡದು, ಅವಳದು ಅವನ ಭುಜದ ಹತ್ತಿರ ಒಂದು ಸಣ್ಣ ದುಂಡನೆಯ ಚಿತ್ರ. ಅವನು ಫುಟ್‌ಬಾಲ್ ಅಕಾಡೆಮಿ ತೆರೆಯುವವನಿದ್ದ.

ಅದರ ಉದ್ಘಾಟನೆಗೆ ಕರೆಯಲು ಬಂದವನು ಬಯ್ಯಪ್ಪನೇ. ಓಬಳಮ್ಮ ಕುರ್ಚಿ ಒರೆಸಿ ಇಟ್ಟಳು, ಅವನು ಕೂರಲಿಲ್ಲ. ನೀರು ತಂದಳು, ಈಗ ತಾನೇ ಕುಡಿದೆ ಅಂದ.

“ಡಾಕ್ಟ್ರು ರೂಪಮ್ಮೋರೇ ಶಾಲು ಹೊದಿಸ್ತಾರೆ. ಒಂದೆರ್ಡು ಒಳ್ಳೆ ಮಾತಾಡಮ್ಮಿ. ನಿಮ್ಮಂಥೋರ್ನ ಇಲ್ಲೀಗಂಟ ತಂದೋರು ನಮ್ ಯಜಮಾನ್ರು.”

ಬರ್ತೀನಿ ಎಂದಳು ಭಾನುಪ್ರಿಯಾ.

ಸಮಾರಂಭಕ್ಕೆ ಹತ್ತು ದಿನವಿತ್ತು. ಅವಳು ಬೆಂಗಳೂರಿಗೆ ಹೋಗಿ ಪತ್ರಿಕೆಯೊಂದರ ಹಳೆಯ ಸಂಚಿಕೆಗಳನ್ನು ತಿರುವಿದಳು. ಆ ಫೈನಲ್ಲಿನ ಚಿತ್ರವೊಂದು ಸಿಕ್ಕಿತು. ಚೆಂಡು ಒದೆಯುತ್ತಿರುವ ಮುಖ ಅವಳದು, ಕೆಳಗೆ ಅಚ್ಚಾದ ಹೆಸರು ರೂಪ. ಅದನ್ನು ಜೊತೆಗಿಟ್ಟು ನಡೆದದ್ದೆಲ್ಲವನ್ನೂ ಬರೆದಳು. ಒಂದು ಪ್ರತಿ ಫುಟ್‌ಬಾಲ್ ಒಕ್ಕೂಟಕ್ಕೆ, ಒಂದು ಪ್ರತಿ ಮೆಡಿಕಲ್ ಸೀಟು ಹಂಚುವವರಿಗೆ. ಕಳಿಸುವ ಮೊದಲು ವೇಣುವಿಗೆ ತೋರಿಸಿದಳು. ಅವನು ಓದಿ ಕನ್ನಡಕ ತೆಗೆದ.

“ಇನ್ನೊಬ್ರ ಹೆಸ್ರಲ್ಲಿ ಆಡ್ದೋರ್ಗೂ ಬ್ಯಾನ್ ಮಾಡ್ತಾರೆ ಕಣಮ್ಮ. ಕ್ಯಾಂಪೂ ಹೋಯ್ತದೆ, ಕ್ಲಬ್ಬೂ ಹೋಯ್ತದೆ.”

“ಗೊತ್ತು ಸಾ.”

“ನನ್ ಹೆಸ್ರೂ ಬರ್ದಿದೀಯ.”

“ನೀವೂ ಅಲ್ಲೇ ಇದ್ರಲ್ಲ ಸಾ.”

ವೇಣು ಪೆನ್ನು ಕೇಳಿ ತೆಗೆದುಕೊಂಡು ಅವಳ ಸಹಿಯ ಕೆಳಗೆ ತನ್ನದನ್ನೂ ಹಾಕಿದ.

ಓಬಳಮ್ಮನಿಗೆ ತಿಳಿದಾಗ ಅವಳು ಮಗಳ ಎರಡೂ ಕೈ ಹಿಡಿದುಕೊಂಡು, ಬೇಡ ತಾಯಿ ಎಂದು ಮನೆಯ ತೆಲುಗಿನಲ್ಲೇ ಅಂಗಲಾಚಿದಳು. “ವದ್ದು ತಲ್ಲಿ, ವದ್ದು.” ಆದರೆ ತೋಟದ ಅರ್ಧ ಈಗ ಸೈಟುಗಳಾಗಿ ಮಾರಾಟವಾಗಿತ್ತು. ಕಾಲೊನಿಯವರು ಹೂವಿನ ಮಾರ್ಕೆಟ್ಟು, ತರಕಾರಿ ಮಂಡಿ ಅಂತ ಬೇರೆ ದಾರಿ ನೋಡಿಕೊಂಡಿದ್ದರು. ಇಷ್ಟು ವರ್ಷ ಬಾಯಿ ಮುಚ್ಚಿಸಿದ್ದ ಬೆದರಿಕೆಗೆ ಹಲ್ಲು ಉದುರಿತ್ತು. ಸಮಾರಂಭದ ಹಿಂದಿನ ದಿನ ಭಾನುಪ್ರಿಯಾ ಎರಡೂ ಲಕೋಟೆಗಳನ್ನು ರಿಜಿಸ್ಟರ್ ಪೋಸ್ಟಿಗೆ ಹಾಕಿ ಬಂದಳು.

ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಬಿಸಿಲಿಗೆ ಸಾಲಾಗಿ ಕೂರಿಸಿದ್ದರು. ವೇದಿಕೆಯ ಮೇಲೆ ಅಧಿಕಾರಿಗಳು, ಕೆಳಗೆ ವರದಿಗಾರರು. ಉದ್ಘಾಟನೆಗೆಂದು ಮೇಜಿನ ಮೇಲೆ ಚೆಂಡೊಂದನ್ನು ಇಟ್ಟಿದ್ದರು. ಈ ಮಗುವಿನ ಕಾಲಿಗೆ ಮೊದಲು ಚೆಂಡು ಕೊಟ್ಟವನೇ ನಾನು ಎಂದು ಗಂಗಾಧರ ಮೈಕಿನಲ್ಲಿ ಗದ್ಗದಿತನಾದ. ಡಾಕ್ಟರ್ ರೂಪ ಎದ್ದು ಬಂದು ಶಾಲು ಹೊದಿಸಿದಳು. ಬೆರಳು ಭುಜಕ್ಕೆ ತಾಗದ ಹಾಗೆ ತುದಿಯನ್ನಷ್ಟೇ ಹಿಡಿದಿದ್ದಳು.

ಭಾನುಪ್ರಿಯಾ ಮೈಕು ತೆಗೆದುಕೊಂಡಳು.

“ನಾನು ಈ ಸ್ಕೂಲಲ್ಲಿ ಒಂದ್ ದಿವ್ಸಾನೂ ಓದಿಲ್ಲ. ಇವ್ರ್ ಮಗಳ ಹೆಸ್ರಲ್ಲಿ ನಾಕ್ ದಿವ್ಸ ಆಡಿದ್ದೀನಿ. ಆ ಗೋಲ್‌ಗಳ ಮೇಲೆ ಈ ರೂಪಮ್ಮೋರು ಡಾಕ್ಟ್ರಾಗವ್ರೆ.”

ದನಿ ಏರಿಸದೆ, ಒಬ್ಬೊಬ್ಬರ ಹೆಸರೂ ಹೇಳುತ್ತ ಹೋದಳು. ಪಾಯಿಖಾನೆಯ ಹಿಂದೆ ಬಟ್ಟೆ ಬಿಚ್ಚಿಸಿದ್ದನ್ನು ಹೇಳುವಾಗ ಬಯ್ಯಪ್ಪ ಓಡಿಹೋಗಿ ಮೈಕಿನ ವೈರು ಕಿತ್ತ. ಅಷ್ಟರಲ್ಲಿ ಕೆಳಗಿದ್ದ ವೇಣು ಹಂಚಿದ ಅವಳ ಕಾಗದದ ಪ್ರತಿಗಳು ವರದಿಗಾರರ ಕೈ ಸೇರಿದ್ದವು. ಗಂಗಾಧರ ಕ್ಯಾಮೆರಾಗಳಿಗೆ ಹಲ್ಲು ಕಿರಿದುಕೊಂಡೇ ಅವಳ ಕಿವಿಯ ಹತ್ತಿರ ಬಂದ.

“ಲೌಡಿ, ನೀನೂ ಹಾಳಾಗೋಯ್ತೀಯ.”

“ನೆನ್ನೇನೇ ಪೋಸ್ಟ್ ಮಾಡ್ದೆ. ಹೋಗಣ ಬನ್ನಿ, ಜೊತೇಲೇ.”

ಅವಳು ಮೇಜಿನ ಮೇಲಿದ್ದ ಚೆಂಡನ್ನೆತ್ತಿ, ಕುರ್ಚಿಯ ಹತ್ತಿರ ನಿಂತಿದ್ದ ರೂಪಳ ಕಾಲಿನ ಮುಂದೆ ಇಟ್ಟಳು.

“ರಾಜ್ಯಕ್ಕೇ ಫಸ್ಟ್ ಬಂದೋರು ನೀವು. ಒದೀರಿ, ಮಕ್ಳು ನೋಡ್ಲಿ.”

ರೂಪ ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಅಪ್ಪನ ಕಡೆ ನೋಡಿದಳು. ಅಪ್ಪ ಅಧಿಕಾರಿಗಳ ಕಡೆ ನೋಡಿದ. ಅಧಿಕಾರಿಗಳು ಆಗಲೇ ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದರು. ಹಿಂದಿನ ಸಾಲುಗಳಲ್ಲಿದ್ದ ಚಿಕ್ಕ ಮಕ್ಕಳಿಗೆ ಇದಾವುದೂ ಅರ್ಥವಾಗಿರಲಿಲ್ಲ. ಡಾಕ್ಟರ ಕಾಲ ಬಳಿ ಚೆಂಡು ಕಂಡು, ಉದ್ಘಾಟನೆ ಶುರುವಾಯಿತೆಂದುಕೊಂಡು ಚಪ್ಪಾಳೆ ತಟ್ಟತೊಡಗಿದರು. ಒದೀರಿ ಮಿಸ್, ಒದೀರಿ ಮಿಸ್ ಎಂಬ ಕೂಗು ಸಾಲಿನಿಂದ ಸಾಲಿಗೆ ಹತ್ತಿಕೊಂಡು ಮೈದಾನವನ್ನೆಲ್ಲ ತುಂಬಿತು. ಯಾವ ಮೇಷ್ಟ್ರು ಗದರಿದರೂ ನಿಲ್ಲಲಿಲ್ಲ.

ಭಾನುಪ್ರಿಯಾ ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿಕೊಂಡು, ಕಾಯುತ್ತಾ ನಿಂತಳು.