ಸಕ್ಕರೆ ಹಾಕಿದ ಮೊಸರನ್ನ

"ಇನ್ನೊಂದು ಸುತ್ತು ಹಾಕೋ, ಸಡಿಲ ಅದ," ಎಂದು ರಾಮಚಂದ್ರ ಕಾಕಾ ಹೇಳುವಷ್ಟರಲ್ಲಿ ಶ್ರೀವತ್ಸ ಹಗ್ಗವನ್ನು ಮೊಣಕಾಲಿನಿಂದ ಅದುಮಿ ಬಿಗಿದಾಗಿತ್ತು. ಬೇರೆಯವರು ಕಟ್ಟಿದ್ದ ಚಟ್ಟ ಮನಸ್ಸಿಗೆ ಬರದೆ, ತಾನೇ ಬಿಚ್ಚಿ ಮತ್ತೆ ಕಟ್ಟಿದ್ದ. ವಿಜಯವಾಡದ ಆಟೋನಗರದಲ್ಲಿ ಲಾರಿಗಳ ಬ್ರೇಕ್ ರಿಪೇರಿ ಅಂಗಡಿ ಇಟ್ಟವನು. ಅಪ್ಪನನ್ನು ಹೊರುವ ಬಿದಿರು ಅಲುಗಾಡಿದರೆ ಅವನಿಗೆ ಸಮಾಧಾನವಿಲ್ಲ.

ವಿಶಾಖಪಟ್ಟಣದ ಪೆಂಡುರ್ತಿಯಲ್ಲಿ, ಶ್ರೀವತ್ಸನ ತಂಗಿ ಅಕ್ಷಯಾಳ ಮನೆಯಲ್ಲಿ, ಅಪ್ಪ ರಮಾಕಾಂತರಾಯರು ನಿನ್ನೆ ಸಂಜೆ ಚಹಾ ಕುಡಿದು, ಲೋಟ ಕೆಳಗಿಟ್ಟು, ಕೂತ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಜನ್ಮಪೂರ್ತಿ ಯಾರಿಂದಲೂ ಏನೂ ಮಾಡಿಸಿಕೊಳ್ಳದ ಮನುಷ್ಯ. ಸಾಯುವಾಗಲೂ ಅದೇ ಹಟ. ಶ್ರೀವತ್ಸ ಸುದ್ದಿ ಕೇಳಿದ್ದೇ ಕಾರು ತೆಗೆದುಕೊಂಡು ವಿಶಾಖಪಟ್ಟಣಕ್ಕೆ ಹೊರಟ. "ನಾನೂ ಬರ್ತೀನಿ, ಬೇಡ ಅನ್ನಬೇಡ" ಎಂದು ಗವರ್ನರ್‌ಪೇಟೆಯ ಹಳೆಯ ನೆರೆಮನೆಯ ದುರ್ಗಾಂಬ ಆ ವಯಸ್ಸಿನಲ್ಲೂ ಹತ್ತಿ ಕೂತಿದ್ದರು. ಬೆಳಿಗ್ಗೆಯೇ ಮುಗಿಯಬೇಕಿದ್ದ ಕಾರ್ಯ ಕಮಲತ್ತೆಗಾಗಿ ನಿಂತಿತ್ತು. ಅಪ್ಪನ ಒಬ್ಬಳೇ ತಂಗಿ, ಹುಬ್ಬಳ್ಳಿಯಿಂದ ಬರಬೇಕು, ರೈಲು ಮಾತ್ರ ಆಮೆಯಂತೆ ತೆವಳುತ್ತಿತ್ತು.

ಅಕ್ಷಯಾಳ ಗಂಡ ಫಣೀಂದ್ರ ಹೊರಗೆ ಓಡಿ ಬಂದ. ತೆಲುಗು ಮನೆಯವನಾದರೂ ಮಾವನಿಂದ ಧಾರವಾಡದ ಕನ್ನಡ ಕಲಿತಿದ್ದ.

"ಬಾವಗಾರೂ, ಒಳಗ ಬರ್ರಿ. ಅಕ್ಷಯಾ ಬೆಳಿಗ್ಗೆ ರೂಢಿ ಪ್ರಕಾರ ಇನ್ಸುಲಿನ್ ಚುಚ್ಚಿಕೊಂಡಾಳ, ಏನೂ ತಿಂದಿಲ್ಲ. ಶುಗರ್ ಇಳೀಲಿಕ್ಕತ್ತದ. ಗ್ಲೂಕೋಸ್ ಕೊಟ್ಟರ ಹಲ್ಲು ಕಚ್ಚಿ ಕೂತಾಳ. ಡಾಕ್ಟರು ಫೋನಿನ್ಯಾಗ ಬೈದ್ರು, ಈಗಿಂದೀಗ ತಿನಸ್ರಿ ಅಂತ."

ಅಕ್ಷಯಾ ಅಪ್ಪನನ್ನು ಮಲಗಿಸಿದ್ದ ಗಾಜಿನ ಪೆಟ್ಟಿಗೆಗೆ ಒರಗಿ ಕೂತಿದ್ದಳು. ಹಣೆಯ ಮೇಲೆ ಬೆವರು, ಕೈಬೆರಳು ಅದುರುತ್ತಿದ್ದವು.

"ಹೆಣ ಮನ್ಯಾಗಿದ್ದಾಗ ಹೆಂಗ ಉಣ್ಲೀ ಅಣ್ಣಾ? ಅವ್ವ ಹೋದಾಗ ಅಪ್ಪ ಹನಿ ನೀರೂ ಮುಟ್ಟಿದ್ದಿಲ್ಲಂತ, ಕಾಕಾನ ಹೇಳ್ಯಾನ. ಅಪ್ಪಗ ನಾ ಇಷ್ಟರೆ ಮಾಡಬಾರದೇನು?"

"ಖರೇನ ಮತ್ತ," ಎಂದರು ಹಿಂದೆಯೇ ಬಂದಿದ್ದ ಕಾಕಾ. "ಅವತ್ತು ನಾ ಹೊರಗ ಕೂತಿದ್ದೆ. ಅಂಥ ನೇಮದ ಮನಷ್ಯಾ ಅಂವ."

ಅವತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದವನು ಶ್ರೀವತ್ಸ.

*

ಗವರ್ನರ್‌ಪೇಟೆಯಲ್ಲಿ ಪಾತ್ರೆಗಳ ಸಗಟು ಅಂಗಡಿಯ ಮೇಲಿನ ಮನೆ ಅವರದು. ಬ್ಯಾಂಕಿನ ವರ್ಗದ ಮೇಲೆ ಧಾರವಾಡದಿಂದ ಬಂದ ರಮಾಕಾಂತರಾಯರಿಗೆ ಊರು ಹಿಡಿಸುವ ಮೊದಲೇ ಹೆಂಡತಿ ಅನಸೂಯಾಳ ಕಿಡ್ನಿ ಕೈಕೊಟ್ಟಿತು. ಅದು ಸಾಲದೆಂಬಂತೆ, ಆಗಿನ್ನೂ ತೊದಲುತ್ತಿದ್ದ ಅಕ್ಷಯಾಗೆ ಟೈಫಾಯ್ಡು. ಆಸ್ಪತ್ರೆಗೆ ಗಂಜಿ, ಮನೆಗೆ ಔಷಧ, ನಡುವೆ ಬ್ಯಾಂಕು. ರಾಯರು ಸೈಕಲ್ ತುಳಿದು ಸೋತರು, ಆದರೆ ಅನಸೂಯಾ ಉಳಿಯಲಿಲ್ಲ.

ಬಂಧುಗಳು ಇನ್ನೊಂದು ಮದುವೆಯ ಮಾತೆತ್ತಿದರು. ಮಕ್ಕಳನ್ನು ಧಾರವಾಡಕ್ಕೆ ಕಳಿಸು ಎಂದರು. "ಮಕ್ಕಳೂ ನನ್ನವ, ಕೈಯೂ ನನ್ನವ," ಎಂದು ರಾಯರು ಬಾಯಿ ಮುಚ್ಚಿಸಿದರು. ಕಿಟಕಿಯ ಸರಳಿಗೆ ಮೂರೆಳೆ ತೆಂಗಿನ ಹಗ್ಗ ಕಟ್ಟಿಕೊಂಡು ಜಡೆ ಹೆಣೆಯುವುದನ್ನು ಕಲಿತರು. ಅವರು ಬಡಿದ ರೊಟ್ಟಿ ದುಂಡಗೆ ಬರಲೇ ಇಲ್ಲ. "ಇವತ್ತು ಆಂಧ್ರದ ನಕಾಶೆ ಬಂದದ, ವಿಜಯವಾಡ ಯಾರಿಗೆ ಬೇಕು?" ಎಂದು ಕೇಳುತ್ತ ಬಡಿಸಿದರೆ ಮಕ್ಕಳು ನಗುನಗುತ್ತ ಉಂಡೇಳುತ್ತಿದ್ದರು. ಸುಮ್ಮನೆ ಹೇಳಬಾರದು, ಇಬ್ಬರು ತಾಯಂದಿರು ಮಾಡುವಷ್ಟನ್ನು ಆ ಒಬ್ಬ ಗಂಡಸು ಮಾಡಿದ. ಶ್ರೀವತ್ಸನಿಗೆ ಅಪ್ಪನೆಂದರೆ ಹೆಮ್ಮೆ, ಕೇಳಿದವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಆದರೆ ಒಂದು ಮುಳ್ಳು ಗಂಟಲಲ್ಲಿ ಉಳಿದುಬಿಟ್ಟಿತ್ತು. ಅವ್ವನ ಹೆಣ ನಡುಮನೆಯಲ್ಲಿದ್ದಾಗ ಹುಡುಗ ನೀರಿಗೆಂದು ಒಳಗೆ ಹೋದ. ಅಪ್ಪ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತು, ತಾಟಿನಿಂದ ಮೊಸರನ್ನ ತೆಗೆದು ತೆಗೆದು ಬಾಯಿಗಿಡುತ್ತಿದ್ದರು. ಹುಡುಗ ನೀರು ಕುಡಿಯದೆ ತಿರುಗಿ ಬಂದ. ಅಂದಿನಿಂದ ಅವನು ಮೊಸರನ್ನ ಮುಟ್ಟಿಲ್ಲ. ಯಾಕೆಂದು ಅಪ್ಪ ಕೇಳಲಿಲ್ಲ. ಮೊಸರನ್ನದ ಬದಲು ಇವನ ಕೊನೆಯ ತುತ್ತಿಗೆಂದೇ ದಿನಾ ಒಂದಿಷ್ಟು ಸಾರು ತೆಗೆದಿಡುತ್ತಿದ್ದರು, ಅಷ್ಟೇ.

*

"ಅಪ್ಪ ಉಪವಾಸ ಇದ್ದಿಲ್ಲ!"

ಶ್ರೀವತ್ಸನ ದನಿಗೆ ಮನೆಯೇ ಗಪ್ಪಾಯಿತು.

"ಅವ್ವ ಹಿಂಗ ನಡುಮನ್ಯಾಗ ಮಲಗಿದ್ದಳು, ಅಂವ ಒಳಗ ಕೂತು ಮೊಸರನ್ನ ಉಂಡ. ನಾ ಕಣ್ಣಾರೆ ನೋಡೀನಿ. ನೀ ಯಾರ ನೇಮ ಹಿಡಿದು ಸಾಯ್ತಿ? ಉಣ್ಣ ಮೊದಲು!"

ಅಕ್ಷಯಾ ಅಣ್ಣನನ್ನು ಪಿಳಿಪಿಳಿ ನೋಡಿದಳು. ಕಾಕಾ "ಶಿವ ಶಿವಾ" ಎಂದರು. ಮೂಲೆಯಲ್ಲಿದ್ದ ದುರ್ಗಾಂಬ ಗೋಡೆ ಹಿಡಿದು ಎದ್ದರು. ಬಳ್ಳಾರಿಯಲ್ಲಿ ಹುಟ್ಟಿ ತೆಲುಗರ ಮನೆ ಸೇರಿದ ಹೆಂಗಸು.

"ಏನು ಬಾಬೂ, ಇಷ್ಟು ವರ್ಷ ಇದನ್ನ ಹೊಟ್ಟೇಲಿಟ್ಟುಕೊಂಡಿದ್ದಿಯಾ? ಒಂದು ಮಾತು ನನ್ನ ಕೇಳಬಾರದಾ? ನೀನು ನೋಡಿದ್ದು ನಿಮ್ಮಪ್ಪನ ಬೆನ್ನು ಕಣಯ್ಯಾ. ತೊಡೆ ಮೇಲೆ ಯಾರಿದ್ದರು, ಅದನ್ನ ನೋಡಿದ್ದಿಯಾ?"

ಶ್ರೀವತ್ಸ ದುರ್ಗಾಂಬರತ್ತ ತಿರುಗಿದ.

"ಈ ಪಾಪ ಇದ್ದಳು," ದುರ್ಗಾಂಬ ಅಕ್ಷಯಾಳ ತಲೆ ಮುಟ್ಟಿದರು. "ಜ್ವರ ಬಿಟ್ಟಿತ್ತು, ಊಟ ಸೇರ್ತಿರಲಿಲ್ಲ. ಹೀಗೇ ಬಿಟ್ಟರೆ ಕೂಸು ಉಳಿಯಲ್ಲ ಅಂದಿದ್ದರು ಡಾಕ್ಟರು. ಇವಳಿಗೆ ಅವರಮ್ಮ ಒಂದು ತುತ್ತು ನಿನಗೆ, ಒಂದು ನನಗೆ ಅಂತ ತಾನೂ ತಿಂದು ತಿನ್ನಿಸೋಳು. ಆ ಆಟ ಆಡದೆ ಇವಳು ಬಾಯೇ ತೆರೆಯೋಳಲ್ಲ. ನಿಮ್ಮನೇಲಿ ಒಲೆ ಹಚ್ಚೋ ಹಾಗಿಲ್ಲ ಕದಾ? ನಾನೇ ನಮ್ಮನೆಯಿಂದ ಮೊಸರನ್ನಕ್ಕೆ ಸಕ್ಕರೆ ಹಾಕಿ ತಂದುಕೊಟ್ಟೆ. ಇವಳಿಗೊಂದು ತುತ್ತು, ಅವರೊಂದು. ಕಣ್ಣಲ್ಲಿ ನೀರು, ಬಾಯಲ್ಲಿ ಅನ್ನ. ಇವಳು ತಾಟು ಖಾಲಿ ಮಾಡಿದ ಮೇಲೆ ಬಚ್ಚಲಿಗೆ ಹೋಗಿ ಉಂಡಿದ್ದೆಲ್ಲಾ ವಾಂತಿ ಮಾಡಿಕೊಂಡರು. ನಾನೇ ಬೆನ್ನು ನೀವಿದೆನಪ್ಪಾ."

ಶ್ರೀವತ್ಸ ಗಾಜಿನ ಪೆಟ್ಟಿಗೆಯತ್ತ ನೋಡಿದ. ಅಪ್ಪನ ಮುಖದಲ್ಲಿ ಎಂದಿನ ಶಾಂತಿಯೇ ಇತ್ತು. ದಿನಾ ತೆಗೆದಿಟ್ಟ ಸಾರಿನ ಬಟ್ಟಲುಗಳೆಲ್ಲ ನೆನಪಾಗಿ ಅವನ ಎದೆ ಒಡೆದುಹೋಯಿತು. ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ.

ಆಮೇಲೆ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡ.

"ಫಣೀಂದ್ರ, ಬಾಜೂ ಮನಿಯಿಂದ ಅನ್ನ, ಮೊಸರು ಇಸ್ಕೊಂಡ್ ಬಾ. ಸಕ್ಕರೀ ಜಾಸ್ತಿ ಇರಲಿ."

ತಾಟು ಬಂತು. ಶ್ರೀವತ್ಸ ತಂಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು ಕಲಸಿದ. ಕಾಕಾ ಗಾಬರಿಯಾದರು.

"ಏ, ನೀ ಕರ್ತೃ ಇದ್ದಿ! ಬೆಂಕಿ ಕೊಡೋ ಕೈಯಿ ಅದು. ಆಕಿ ಬೇಕಾದ್ರ ಉಣ್ಣಲಿ, ನೀ ಉಣಬ್ಯಾಡ."

"ನಾ ಉಂಡರನ ಆಕಿ ಉಣ್ತಾಳ ಕಾಕಾ. ಇದೂ ನಮ್ಮಪ್ಪನ ನೇಮನ."

ಮೊದಲ ತುತ್ತನ್ನು ತಂಗಿಯ ತುಟಿಗೆ ಹಿಡಿದ. "ಇದು ನಿನಗ." ಅಕ್ಷಯಾ ಅಳುತ್ತಲೇ ಬಾಯಿ ತೆರೆದಳು. ಎರಡನೆಯದನ್ನು ತನ್ನ ಬಾಯಿಗಿಟ್ಟುಕೊಂಡ. "ಇದು ನನಗ." ನುಂಗುವುದು ಸುಲಭವಾಗಲಿಲ್ಲ, ಆದರೂ ನುಂಗಿದ. ತಾಟು ಬರಿದಾಗುವ ಹೊತ್ತಿಗೆ ಅವಳ ಬೆರಳು ಅದುರುವುದು ನಿಂತಿತ್ತು. ಫಣೀಂದ್ರ ಅಲ್ಲೇ ಕುಸಿದು ಕೂತು ನಿಟ್ಟುಸಿರು ಬಿಟ್ಟ.

ಕಮಲತ್ತೆ ಬಂದು ಅಣ್ಣನ ಕಾಲು ಹಿಡಿದು ಅತ್ತದ್ದಾಯಿತು. ಪುರೋಹಿತರು ಶ್ರೀವತ್ಸನಿಗೆ ಇನ್ನೊಮ್ಮೆ ತಲೆಗೆ ನೀರು ಹಾಕಿಕೊಂಡು ಬಾ ಎಂದರು, ಬಂದ. ಚಟ್ಟ ಎತ್ತುವ ಮೊದಲು ಎಲ್ಲರೂ ಸತ್ತವರ ಬಾಯಿಗೆ ಅಕ್ಕಿ ಹಾಕಬೇಕು, ಮೊದಲು ಮಗ.

ಒದ್ದೆ ಪಂಚೆಯಲ್ಲಿ ಮಂಡಿಯೂರಿ, ಶ್ರೀವತ್ಸ ನಾಲ್ಕು ಅಕ್ಕಿಕಾಳು ಹಿಡಿದು ಅಪ್ಪನ ತುಟಿಯ ಬಳಿ ಬಗ್ಗಿದ.

"ಇದು ನಿನಗ, ಅಪ್ಪಾ," ಎಂದ.