ನೀಲಮ್ಮನ ರೆಕಾರ್ಡಿಂಗ್

ಬಾಯಿ ತೆರೆಯುವ ಮೊದಲೇ ಅಂಜುವವರ ತಲೆಯಲ್ಲಿ ಒಂದು ಯೋಚನೆ ಇನ್ನೊಂದನ್ನು ಹೇಗೆ ಎಳೆದು ತರುತ್ತದೆ ಎಂಬುದರ ಮೇಲೆ ಸುಹಾಸಿನಿ ಸಂಶೋಧನೆ ಮಾಡುತ್ತಿದ್ದಳು. ಶಿಕಾಗೊದ ಅವಳ ಲ್ಯಾಬಿಗೆ ಹತ್ತಿರದ ಡೌನರ್ಸ್ ಗ್ರೋವ್‌ನಿಂದ ನೀಲಮ್ಮ ಚಿಕಿತ್ಸೆಗೆ ಬರುತ್ತಿದ್ದಳು. ಬಾಗಲಕೋಟೆ ಕಡೆಯ ಎಂಜಿನಿಯರ್. ಮೀಟಿಂಗಿನಲ್ಲಿ ಮಾತಾಡಬೇಕೆಂದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಏನಾಗಬಹುದೆಂಬ ಭಯವನ್ನು ಮೊದಲೇ ರೆಕಾರ್ಡ್ ಮಾಡುವುದು, ಆಮೇಲೆ ಧೈರ್ಯಮಾಡಿ ಮಾತಾಡಿ, ಅದು ನಿಜವಾಯಿತೇ ಎಂದು ನೋಡುವುದು. ಚಿಕಿತ್ಸೆ ಇಷ್ಟೇ. ಹನ್ನೊಂದು ವಾರಗಳಲ್ಲಿ ನೀಲಮ್ಮ ಎರಡು ಸಲ ಮಾತಾಡಿದ್ದಳು. ಯಾರೂ ನಕ್ಕಿರಲಿಲ್ಲ.

ಆ ಶನಿವಾರ ಲ್ಯಾಬಿನ ಮುಖ್ಯಸ್ಥ ಹಯವದನ, ಅಧ್ಯಯನಕ್ಕೆ ನೆರವಾಗಬಲ್ಲ ಕನ್ನಡದವರನ್ನು ಮಿಶಿಗನ್ನಿನ ರಾಚೆಸ್ಟರ್ ಹಿಲ್ಸ್‌ನ ಗೆಳೆಯನ ಮನೆಗೆ ಊಟಕ್ಕೆ ಕರೆಸಿದ್ದ. ಸುಹಾಸಿನಿಯೂ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗಿದ್ದಳು. ಎಲ್ಲರೂ ತಟ್ಟೆ ಹಿಡಿದು ಕೂತ ಮೇಲೆ ಹಯವದನ ಟೀವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, "ಒಂದು ಸ್ಯಾಂಪಲ್ ಕೇಳಿ. ಹೆಸರು ಹೇಳಲ್ಲ" ಎಂದ.

"ನಾ ಬಾಯಿ ತಗದ್ರ ಎಲ್ಲಾರೂ ನಗ್ತಾರ ಅನಸ್ತದರೀ..." ನೀಲಮ್ಮನ ಧ್ವನಿ ಹಾಲ್ ತುಂಬಿತು.

ಯಾರೋ ಕಿಸಕ್ಕೆಂದರು. "ಅನಸ್ತದರೀ!" ಎಂದು ಇನ್ನೊಬ್ಬರು ರಾಗ ಎಳೆದು ಅಣಕಿಸಿದರು. ಹಯವದನನೂ ನಕ್ಕು, ವಾಲ್ಯೂಮ್ ಏರಿಸಿ ಮತ್ತೊಮ್ಮೆ ಹಾಕಿದ. ಅವನ ಹಲ್ಲಿನ ಸಂದಿಯಲ್ಲಿ ಕರಿಬೇವಿನ ಚೂರು ಸಿಕ್ಕಿಕೊಂಡಿತ್ತು. ಸುಹಾಸಿನಿಗೆ ಬಾಯಲ್ಲಿದ್ದ ತುತ್ತು ನುಂಗಲಾಗಲಿಲ್ಲ. ಟಿಶ್ಯೂಗೆ ಉಗಿದು, ಎದ್ದು ಹೋಗಿ ವೈರ್ ಕಿತ್ತಳು.

"ಸರ್, ಇದನ್ನ ಕೇಳ್ಸೋಕೆ ಅವ್ರು ಒಪ್ಪಿಗೆ ಕೊಟ್ಟಿಲ್ಲ."

"ನಮ್ಮೋರೇ ಅಲ್ವೇನಮ್ಮಾ? ಸೀನ್ ಮಾಡ್ಬೇಡ. ಕೂತ್ಕೊಂಡು ಪಾಯಸ ತಿನ್ನು."

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಶಿಕಾಗೊಗೆ ಹಿಂದಿರುಗುವ ದಾರಿಯಲ್ಲಿ, ನೀಲಮ್ಮನಿಗೆ ಹೇಳದಿದ್ದರೆ ಏನೂ ಗೊತ್ತಾಗುವುದಿಲ್ಲ, ಚಿಕಿತ್ಸೆಯೂ ಕೆಡುವುದಿಲ್ಲ ಎಂದು ಒಮ್ಮೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ನೀಲಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ನೀಲಮ್ಮನ ಮುಖ ಬಿಳಿಚಿಕೊಂಡಿತು.

"ಭಾಳ ನಕ್ಕರೇನ್ರಿ?"

"ಹೂಂ."

"ನೀವು?"

"ನಗಲಿಲ್ಲ. ಆದ್ರೆ ಎರಡನೇ ಸಲ ಹಾಕೋವರೆಗೂ ಸುಮ್ನೆ ಕೂತಿದ್ದೆ. ಈಗ ಕಂಪ್ಲೇಂಟ್ ಕೊಡ್ತಿದೀನಿ."

ಅನ್ನದಲ್ಲಿ ಸಿಕ್ಕ ಕೂದಲನ್ನು ನೋಡುವಂತೆ ನೀಲಮ್ಮ ಅವಳನ್ನು ನೋಡಿದಳು. "ಕೊಡ್ರಿ. ನನ್ನ ಹೆಸರೂ ಹಾಕ್ರಿ. ಆದ್ರ ನಾ ಇನ್ನ ನಿಮ್ಮ ಕಡೆ ಬರೂದಿಲ್ಲ."

ತಿಂಗಳ ನಂತರ ಯೂನಿವರ್ಸಿಟಿಯ ಸಮಿತಿಯ ಮುಂದೆ ವಿಚಾರಣೆ ನಡೆಯಿತು. ನೀಲಮ್ಮ ಬಂದು, ಬೆವರು ಒರೆಸಿಕೊಳ್ಳುತ್ತಲೇ ಇಪ್ಪತ್ತು ನಿಮಿಷ ಮಾತಾಡಿದಳು. ಹಯವದನನನ್ನು ಅಧ್ಯಯನದಿಂದ ತೆಗೆದರು, ರೆಕಾರ್ಡಿಂಗ್ ಅಳಿಸಿಹಾಕಿದರು. ಹೊರಗೆ ಕಾರಿಡಾರಿನಲ್ಲಿ ಅವನು, "ಆಗಿದ್ದಾಯ್ತು ಬಿಡು" ಎಂದು ನಗುತ್ತಾ ಸುಹಾಸಿನಿಯತ್ತ ಕೈ ಚಾಚಿದ. ಅವಳು ಮುಟ್ಟಲಿಲ್ಲ. ಹಿಂದೆಯೇ ಬಂದ ನೀಲಮ್ಮ ಇಬ್ಬರಿಗೂ ತಾಗದಂತೆ ಪಕ್ಕಕ್ಕೆ ಸರಿದು ಲಿಫ್ಟಿನತ್ತ ನಡೆದಳು.